ಸತ್ತ ಕೋಳಿಯನ್ನು ತೋಡಿಗೆ ಎಸೆಯುವ ಮೊದಲು

ಮದ್ರಸದ ಜಗಲಿಗೆ ಬೆಳಿಗ್ಗೆ ಮಕ್ಕಳ ಜೊತೆ ಕೋಳಿಯೂ ಬರುವುದು ನಮ್ಮ ಕಡೆ ಹೊಸತಲ್ಲ. ಮನೆಗೆ ನೆಂಟರು ಬರ್ಲಿಕ್ಕುಂಟು ಎಂದಾದರೆ ಉಮ್ಮಂದಿರು ಕೋಳಿಯ ಕಾಲು ಕಟ್ಟಿ, ಚೀಲದಲ್ಲೋ ಬುಟ್ಟಿಯಲ್ಲೋ ಹಾಕಿ, ಕಿತಾಬಿನ ಜೊತೆಗೆ ಮಗನ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಪಾಠ ಶುರುವಾಗುವ ಮೊದಲು ನಾವು ಕೊಯ್ದು ಕೊಡುತ್ತೇವೆ. ವಾರಕ್ಕೆ ಒಂದೋ ಎರಡೋ. ಹಬ್ಬದ ಸಮಯವಾದರೆ ಇನ್ನು ನಾಲ್ಕು ಹೆಚ್ಚು.

ಈ ಸಲ ಬರಾಅತ್ ಕಳೆದ ಮೇಲೆ ನಾಲ್ಕೇ ದಿನದಲ್ಲಿ ಒಂಬತ್ತು ಕೋಳಿ ಬಂತು. ಎಲ್ಲವೂ ಊರ ಕೋಳಿ, ಹೆಚ್ಚಿನವು ಮೊಟ್ಟೆ ಇಡುವ ಹೇಂಟೆಗಳು. ಮೊಟ್ಟೆ ಇಡುವ ಹೇಂಟೆಯನ್ನು ಯಾರೂ ಸುಮ್ಮನೆ ಕೊಯ್ಯಿಸುವುದಿಲ್ಲ. ಅವುಗಳ ಕಣ್ಣು ಅರ್ಧ ಮುಚ್ಚಿತ್ತು, ರೆಕ್ಕೆ ಜೋತುಬಿದ್ದಿತ್ತು, ಹಿಡಿದರೆ ಒದ್ದಾಟವೇ ಇಲ್ಲ. ನಾವು ಅದನ್ನು ಕಂಡೆವು, ಆದರೆ ಏನೂ ಕೇಳಲಿಲ್ಲ. ಬಿಸ್ಮಿ ಹೇಳಿ ಕೊಯ್ದೆವು, ಕತ್ತಿಯನ್ನು ಒಂದು ಚೊಂಬು ನೀರಲ್ಲಿ ತೊಳೆದೆವು, ಪಾಠಕ್ಕೆ ಕೂತೆವು. ಆ ದಿನ ಕೇಳದೆ ಇದ್ದದ್ದರಿಂದ ಏನೆಲ್ಲ ಆಯಿತು ಎಂಬುದನ್ನು ಓದುಗರ ಮುಂದೆ ಇಡಬೇಕು ಎಂದು ಕಂಡಿತು.

ಖಾಲಿ ಬುಟ್ಟಿ

ಭಾನುವಾರ ಅಸರ್ ಕಳೆದು ನಾವು ಜಗಲಿಯಲ್ಲಿ ಕೂತಿದ್ದಾಗ ನಮ್ಮ ಮೊಹಲ್ಲಾದ ಒಬ್ಬರು ಹಿರಿಯ ಉಮ್ಮ ಬಂದರು. ಗಂಡ ತೀರಿಹೋಗಿ ವರ್ಷಗಳಾದವು. ಬೀಡಿ ಕಟ್ಟುತ್ತಾರೆ. ಅದರ ಜೊತೆಗೆ ಹದಿನಾಲ್ಕು ಹೇಂಟೆ, ಒಂದು ಹುಂಜ. ಊರ ಕೋಳಿ ಮೊಟ್ಟೆಗೆ ಅಂಗಡಿಯವರು ಹನ್ನೆರಡು ರೂಪಾಯಿ ಕೊಡುತ್ತಾರೆ. ಕರೆಂಟು ಬಿಲ್ಲು, ಮೊಮ್ಮಗನ ಶಾಲೆಯ ಆಟೋದ ದುಡ್ಡು, ಅವರ ಸಕ್ಕರೆ ಕಾಯಿಲೆಯ ಮಾತ್ರೆ, ಇವೆಲ್ಲ ಆ ಮೊಟ್ಟೆಯಲ್ಲೇ ನಡೆಯುವುದು. ರಮಝಾನಿಗೆ ಇನ್ನೇನು ದಿನ ಹತ್ತಿರ. ಇಫ್ತಾರಿನ ಅಡುಗೆಗೆ ಮೊಟ್ಟೆಗೆ ಬೇಡಿಕೆ ಬರುವ ಕಾಲ.

ಕೈಯಲ್ಲಿ ಖಾಲಿ ಬುಟ್ಟಿ ಇತ್ತು. "ಉಸ್ತಾದೇ, ಬುಧವಾರದಿಂದ ಇವತ್ತಿನವರೆಗೆ ಹನ್ನೊಂದು ಹೋಯಿತು. ಇನ್ನು ಮೂರು ಹೇಂಟೆ, ಹುಂಜ ಉಂಟು. ಅದರಲ್ಲಿಯೂ ಒಂದು ಹೇಂಟೆ ಕುತ್ತಿಗೆ ತಿರುಗಿಸಿಕೊಂಡು ನಿಂತಿದೆ. ಯಾರದ್ದೋ ಕಣ್ಣು ಬಿದ್ದದ್ದು. ಸ್ವಲ್ಪ ನೀರು ಮಂತ್ರಿಸಿ ಕೊಡಿ" ಎಂದರು. ಮತ್ತೆ ದನಿ ತಗ್ಗಿಸಿ, "ಕಣ್ಣಲ್ಲ, ವಿಷ ಅಂತಲೂ ಹೇಳ್ತಾರೆ" ಎಂದರು.

ವಿಷ ಎಂದು ಹೇಳಿದ್ದು ಯಾರು ಎಂಬುದು ಇಶಾ ಕಳೆದ ಮೇಲೆ ಗೊತ್ತಾಯಿತು. ಉಮ್ಮನ ಹಿತ್ತಿಲಿಗೆ ತಾಗಿಕೊಂಡೇ ಒಂದು ಗದ್ದೆ. ಅಲ್ಲಿ ಬೇಸಿಗೆಯಲ್ಲಿ ಅಲಸಂಡೆ, ಬೆಂಡೆ, ಸೌತೆ ಮಾಡುತ್ತಾರೆ. ಕೋಳಿಗಳು ಹೋಗಿ ಮಡಿ ಕೆದಕುತ್ತವೆ ಎಂದು ಗದ್ದೆಯವರು ಎರಡು ಸಲ ಬಂದು ಹೇಳಿದ್ದರು. ಮೂರನೆಯ ಸಲ, "ಇನ್ನು ಬಂದರೆ ನಾವು ಜವಾಬ್ದಾರಿ ಅಲ್ಲ" ಎಂದಿದ್ದರಂತೆ. ಶುಕ್ರವಾರ ಸಂಜೆ ಅವರು ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆದದ್ದನ್ನು ನಮ್ಮ ಒಬ್ಬ ಹುಡುಗ ಕಂಡಿದ್ದ. ಭಾನುವಾರ ರಾತ್ರಿ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜು ಹೋಯಿತು: ನಮ್ಮವರ ಕೋಳಿಗಳಿಗೆ ವಿಷ ಇಟ್ಟಿದ್ದಾರೆ, ಸುಮ್ಮನಿರಬಾರದು. ಮಸೀದಿಯ ಗೇಟಿನ ಹತ್ತಿರ ಹತ್ತು ಹದಿನೈದು ಯುವಕರು ಸೇರಿದರು.

ಗದ್ದೆಯವರು ಯಾವ ಸಮುದಾಯದವರು ಎಂದು ನಾವು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರ ಮನಸ್ಸಿನಲ್ಲಿ ಕೋಳಿಯ ಕಥೆ ಹೋಗಿ ಬೇರೆಯೇ ಕಥೆ ಶುರುವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಅಷ್ಟು ಸಣ್ಣ ಮೆಸೇಜಿನಿಂದ ಎಷ್ಟು ದೊಡ್ಡ ಬೆಂಕಿ ಹತ್ತಬಹುದು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ನಾವು ಹುಡುಗರಿಗೆ ಹೇಳಿದ್ದು ಒಂದೇ ಮಾತು. "ಸ್ಟೇಷನ್ನಿಗೆ ಹೋಗುವುದಾದರೂ ಅವರು ಮೊದಲು ಕೇಳುವುದು ಸತ್ತ ಕೋಳಿ ಎಲ್ಲಿ ಎಂದು. ಎಲ್ಲಿದೆ?" ಯಾರ ಹತ್ತಿರವೂ ಇರಲಿಲ್ಲ. ಸಾಯುತ್ತದೆ ಎಂದು ಕಂಡವುಗಳನ್ನು ನಮ್ಮ ಕೈಯಲ್ಲೇ ಕೊಯ್ಯಿಸಿ ಪದಾರ್ಥ ಮಾಡಿ ಆಗಿತ್ತು. ಸತ್ತವುಗಳನ್ನು ತೋಡಿಗೆ ಎಸೆದಾಗಿತ್ತು. "ನಾಳೆ ಒಂದು ದಿನ ಕೊಡಿ, ಪಶು ಆಸ್ಪತ್ರೆಗೆ ನಾವೇ ಹೋಗುತ್ತೇವೆ" ಎಂದೆವು. ಗೊಣಗುತ್ತಾ ಹೋದರು.

ಮೀನಿನ ಪೆಟ್ಟಿಗೆಯ ಮಂಜುಗಡ್ಡೆ

ಸೋಮವಾರ ಸುಬಹಿಗೆ ಉಮ್ಮನ ಮೊಮ್ಮಗ ಓಡಿಕೊಂಡು ಬಂದ. ಕುತ್ತಿಗೆ ತಿರುಗಿದ ಹೇಂಟೆಯೂ ಹೋಗಿತ್ತು. ಪಶು ವೈದ್ಯರಿಗೆ ಫೋನು ಮಾಡಿದೆವು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇವೆ, ಯಾಕೆಂದರೆ ಇದು ಎಲ್ಲ ಮನೆಯವರಿಗೂ ಬೇಕಾದ ವಿಷಯ.

ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹಿಡಿದು, ಒಂದರೊಳಗೆ ಒಂದು ಎರಡು ಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು. ಮಂಜುಗಡ್ಡೆಯ ಮೇಲಿಟ್ಟು ತಣ್ಣಗೆ ಇರಿಸಬೇಕು, ಆದರೆ ಫ್ರೀಝರಿನಲ್ಲಿ ಇಟ್ಟು ಕಲ್ಲು ಮಾಡಬಾರದು. ಹಾಗೆ ಮಾಡಿದರೆ ಒಳಗಿನ ಗುರುತುಗಳು ಹಾಳಾಗುತ್ತವೆ. ನಮ್ಮ ಸೆಕೆಗೆ ಹೊರಗಿಟ್ಟರೆ ಅರ್ಧ ದಿನದಲ್ಲಿ ಕೊಳೆತು ಏನೂ ತಿಳಿಯುವುದಿಲ್ಲ. ಸಾಧ್ಯವಾದರೆ ಕಾಯಿಲೆ ಹಿಡಿದ, ಇನ್ನೂ ಜೀವ ಇರುವ ಒಂದು ಕೋಳಿಯನ್ನೂ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬೇರೆಯಾಗಿ ತರಬೇಕು.

ಮೀನು ಮಾರುವ ಕಾಕನ ಪೆಟ್ಟಿಗೆಯಿಂದ ಮಂಜುಗಡ್ಡೆ ಸಿಕ್ಕಿತು. ಇನ್ನೊಂದು ಮನೆಯಿಂದ ತೂಕಡಿಸುವ ಒಂದು ಹೇಂಟೆ ಸಿಕ್ಕಿತು. ಉಮ್ಮನನ್ನೂ ಕರೆದುಕೊಂಡು ರಿಕ್ಷಾದಲ್ಲಿ ಹೋದೆವು.

ವೈದ್ಯರು ಕತ್ತರಿ ಹಿಡಿಯುವ ಮೊದಲು ಹತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ಮೊದಲು ಸತ್ತದ್ದು ಯಾವ ದಿನ? ಒಟ್ಟಿಗೆ ಸತ್ತವಾ, ಒಂದೊಂದಾಗಿ ಸತ್ತವಾ? ಮರಿಗಳಾ, ಪ್ರಾಯದವಾ? ಸಾಯುವ ಮೊದಲು ಮೊಟ್ಟೆ ಹೇಗಿತ್ತು? ಹಿಕ್ಕೆಯ ಬಣ್ಣ ಯಾವುದು? ಹದಿನೈದು ದಿನದ ಒಳಗೆ ಹೊರಗಿನಿಂದ ಕೋಳಿ ತಂದದ್ದುಂಟಾ? ತಿನ್ನಲು ಎಂತ ಹಾಕುತ್ತೀರಿ? ಲಸಿಕೆ ಹಾಕಿಸಿದ್ದೀರಾ?

ನಾವು ಉತ್ತರ ಹೇಳಲು ಹೋದೆವು. ಅವರು ಕೈ ತೋರಿಸಿ ನಿಲ್ಲಿಸಿದರು. "ಉಸ್ತಾದ್ರೆ, ಕೋಳಿ ಸಾಕಿದವರು ಹೇಳಲಿ." ಉಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲವನ್ನೂ ಹೇಳಿದರು. ಹೋದ ಸೋಮವಾರವೇ ಮೊಟ್ಟೆ ಕಡಿಮೆಯಾಗಿತ್ತು. ಹತ್ತು ಸಿಗುವಲ್ಲಿ ನಾಲ್ಕು. ಅದರಲ್ಲಿ ಎರಡಕ್ಕೆ ಚಿಪ್ಪೇ ಇರಲಿಲ್ಲ, ಬರೀ ಪೊರೆ. ಮಂಗಳವಾರ ಹಸಿರು ನೀರಿನಂಥ ಹಿಕ್ಕೆ. ಕೊಕ್ಕು ತೆರೆದು ಮೇಲೆ ನೋಡಿ ಉಸಿರೆಳೆಯುವುದು. ಬುಧವಾರ ಮೊದಲನೆಯದು ಹೋಯಿತು. ಒಂದೆರಡಕ್ಕೆ ಕಾಲು ಎಳೆದಂತಾಗಿ ಏಳಲಾಗಲಿಲ್ಲ.

"ಇಷ್ಟು ಚೆನ್ನಾಗಿ ಹೇಳುವವರು ನಮಗೆ ಅಪರೂಪ" ಎಂದರು ವೈದ್ಯರು. ಉಮ್ಮನಿಗೆ ಓದು ಬರಹ ಇಲ್ಲ. ಆದರೆ ದಿನಾ ಮೊಟ್ಟೆ ಎಣಿಸುವವರಿಗಿಂತ ಚೆನ್ನಾಗಿ ಕೋಳಿಯನ್ನು ತಿಳಿದವರು ಯಾರಿದ್ದಾರೆ?

ಒಳಗೆ ಕಂಡದ್ದು

ವೈದ್ಯರು ಮಾಸ್ಕ್, ಕೈಗವಸು ಹಾಕಿಕೊಂಡು ಕೋಳಿಯನ್ನು ಬಿಡಿಸಿದರು. ನಮಗೂ ಮಾಸ್ಕ್ ಕೊಟ್ಟು ದೂರ ನಿಲ್ಲಿಸಿದರು. ಕುತ್ತಿಗೆಯ ಬುಡದ ಮೇವಿನ ಚೀಲದಲ್ಲಿ ಕಾಳು ಏನೂ ಇರಲಿಲ್ಲ, ಸ್ವಲ್ಪ ಹುಳಿ ವಾಸನೆಯ ನೀರು ಮಾತ್ರ. ಜಠರದ ಒಳಗೋಡೆಯಲ್ಲಿ ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕಿಗಳು. ಕರುಳಿನಲ್ಲಿಯೂ ಅಲ್ಲಲ್ಲಿ ರಕ್ತ ಕಟ್ಟಿದ ಕಲೆಗಳು.

"ವಿಷವಾದರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಮೇಯ್ದ ಕೋಳಿಗಳು ಒಂದು ರಾತ್ರಿಯಲ್ಲೋ ಒಂದು ಹಗಲಲ್ಲೋ ಒಟ್ಟಿಗೆ ಬೀಳುತ್ತವೆ. ಮೇವಿನ ಚೀಲದಲ್ಲಿ ತಿಂದದ್ದು ಹಾಗೆಯೇ ಇರುತ್ತದೆ. ಇಲಿ ಪಾಷಾಣವಾದರೆ ಬೆಳ್ಳುಳ್ಳಿಯಂಥ ವಾಸನೆ ಬರಬಹುದು. ಇಲ್ಲಿ ಮೊದಲು ಮೊಟ್ಟೆ ಕೆಟ್ಟಿದೆ, ಆಮೇಲೆ ಹಿಕ್ಕೆ, ಆಮೇಲೆ ಉಸಿರು, ಕೊನೆಗೆ ನರ. ಐದು ದಿನ ತೆಗೆದುಕೊಂಡಿದೆ. ಮನೆಯಿಂದ ಮನೆಗೆ ನಡೆದಿದೆ. ವಿಷಕ್ಕೆ ಕಾಲಿಲ್ಲ, ರೋಗಕ್ಕೆ ಉಂಟು" ಎಂದರು.

ಅವರ ಅಂದಾಜು ರಾಣಿಖೇತ್ ರೋಗ. ನಮ್ಮ ಸರಕಾರಿ ಕರಪತ್ರಗಳಲ್ಲಿ ಕೊಕ್ಕರೆ ರೋಗ ಎಂದು ಬರೆಯುವುದು ಇದನ್ನೇ. ಆದರೂ ಕಣ್ಣಿಗೆ ಕಂಡದ್ದರಿಂದ ಮಾತ್ರ ಹೇಳಲಾಗದು ಎಂದು ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು. ಕಾರಣ ಹಕ್ಕಿ ಜ್ವರ. ಅದರಲ್ಲಿಯೂ ಕೋಳಿಗಳು ಹೀಗೆಯೇ ಸಾಯುತ್ತವೆ, ಅದು ಮನುಷ್ಯರಿಗೂ ಅಂಟಬಹುದು. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿಯೂ ಬಂದಿತ್ತು. ಅಂಥ ಶಂಕೆಯಿದ್ದರೆ ಮಾದರಿ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದವರೆಗೆ ಹೋಗುತ್ತದೆ. ಹಾಗಾಗಿ ಉತ್ತರ ಬರುವವರೆಗೆ ಯಾರೂ ಕಾಯಿಲೆಯ ಕೋಳಿಯನ್ನು ಕೊಯ್ಯಬಾರದು, ಮಾರಬಾರದು, ಬೇರೆ ಊರಿಗೆ ಸಾಗಿಸಬಾರದು ಎಂದರು. ಕೊನೆಗೆ ಬಂದ ಉತ್ತರ ರಾಣಿಖೇತ್ ಎಂದೇ. ಅಲ್ಹಮ್ದುಲಿಲ್ಲಾಹ್ ಎಂದೆವು.

ಈ ರೋಗದ ಹೆಸರಿನ ಹಿಂದೆಯೂ ಒಂದು ಕಥೆ ಉಂಟು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಇಂಡೋನೇಷ್ಯಾದ ಜಾವಾದಲ್ಲಿಯೂ ಇದನ್ನು ಗುರುತಿಸಿದರು. ಅದೇ ದಶಕದ ಕೊನೆಗೆ ನಮ್ಮಲ್ಲಿ ಕುಮಾವೋನ್ ಬೆಟ್ಟಗಳ ರಾಣಿಖೇತ್ ಎಂಬ ಊರಿನಲ್ಲಿ ಕಂಡಿತು. ಬೇರೆ ದೇಶಗಳಲ್ಲಿ ನ್ಯೂಕ್ಯಾಸಲ್, ನಮ್ಮಲ್ಲಿ ರಾಣಿಖೇತ್. ಅದೇ ಬೆಟ್ಟಗಳ ಮುಕ್ತೇಶ್ವರದ ಸಂಶೋಧನಾಲಯದ ಹೆಸರಿನಲ್ಲಿರುವ ತಳಿಯ ಲಸಿಕೆಯನ್ನು ಇವತ್ತಿಗೂ ನಮ್ಮ ಹಿತ್ತಿಲ ಕೋಳಿಗಳ ರೆಕ್ಕೆಯಡಿ ಚುಚ್ಚುತ್ತಾರೆ.

ವೈರಸ್ಸಿನ ಕಾಯಿಲೆ ಆದ್ದರಿಂದ ಇದಕ್ಕೆ ಮದ್ದಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳ ಜ್ವರಕ್ಕೆ ತಂದು ಉಳಿದ ಆಂಟಿಬಯೋಟಿಕ್ ಪುಡಿ ಮಾಡಿ ಕುಡಿಸುತ್ತಾರೆ, ಅರಿಶಿನ, ಬೆಳ್ಳುಳ್ಳಿ ಕೊಡುತ್ತಾರೆ. ಅದರಿಂದ ರಾಣಿಖೇತ್ ನಿಲ್ಲುವುದಿಲ್ಲ. ಲಸಿಕೆ ಇಲ್ಲದ ಗೂಡಿಗೆ ಜೋರಾದ ರಾಣಿಖೇತ್ ಹೊಕ್ಕರೆ ಪೂರ್ತಿ ಗೂಡೇ ಖಾಲಿಯಾಗಬಹುದು.

ಹಾಜರಿ ಪುಸ್ತಕದ ಕೊನೆಯ ಪುಟ

ಆಸ್ಪತ್ರೆಯಿಂದ ಬಂದ ಸಂಜೆ ನಾವು ಮದ್ರಸದ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು ಕೂತೆವು. ಯಾವ ಮನೆ, ಮೊದಲು ಮಂಕಾದ ದಿನ, ಸತ್ತ ದಿನ, ಎಷ್ಟು. ಮದ್ರಸದ ಉಸ್ತಾದರಿಗೆ ಊಟ ಸರದಿ ಪ್ರಕಾರ ಮನೆಮನೆಯಿಂದ. ಹಾಗಾಗಿ ಎಲ್ಲರ ಹಿತ್ತಿಲೂ ನಮಗೆ ಗೊತ್ತು, ಕೇಳಿದರೆ ಹೇಳುತ್ತಾರೆ.

ಪಟ್ಟಿ ಮಾಡಿದಾಗ ಮೊದಲ ಹೆಸರು ಉಮ್ಮನದ್ದಾಗಿರಲಿಲ್ಲ. ಬರಾಅತಿಗೆ ಸ್ವಲ್ಪ ಮೊದಲು ಮೇಲಿನ ಮನೆಯವರು ಮಗಳ ಮದುವೆಯ ಮಾತುಕತೆಗೆಂದು ಗುರುವಾರದ ಸಂತೆಯಿಂದ ಆರು ಊರ ಕೋಳಿ ತಂದಿದ್ದರು. ನಾಲ್ಕು ಖರ್ಚಾಯಿತು. ಉಳಿದ ಎರಡನ್ನು ಸೀದಾ ತಮ್ಮ ಗೂಡಿಗೆ ಸೇರಿಸಿದರು. ಆರನೆಯ ದಿನ, ಬುಧವಾರ, ಅದರಲ್ಲಿ ಒಂದು ಮಂಕಾಯಿತು. ಸಾಯುವ ಮೊದಲು ಹಲಾಲ್ ಮಾಡಿಬಿಡುವ ಎಂದು ಮದ್ರಸಕ್ಕೆ ಕಳುಹಿಸಿದರು.

ಅದೇ ಬುಧವಾರ ಬೆಳಿಗ್ಗೆ ಉಮ್ಮನ ಮೊಮ್ಮಗನೂ ಬಂದಿದ್ದ, ಮುದಿಯಾದ ಒಂದು ಹೇಂಟೆಯನ್ನು ಬುಟ್ಟಿಯಲ್ಲಿ ಇಟ್ಟುಕೊಂಡು. ಎರಡೂ ಕೋಳಿಗಳು ಜಗಲಿಯಲ್ಲಿ ಅಕ್ಕಪಕ್ಕ ಕೂತಿದ್ದವು. ನಾವು ಮೊದಲು ಕೊಯ್ದದ್ದು ಸಂತೆಯ ಕೋಳಿಯನ್ನು. ಅದೇ ಕತ್ತಿ, ಅದೇ ಕೈ, ಎರಡನೆಯದಕ್ಕೆ. ಬುಟ್ಟಿ ವಾಪಸ್ ಮನೆಗೆ ಹೋಯಿತು. ಉಮ್ಮ ಅದೇ ಬುಟ್ಟಿಗೆ ಹುಲ್ಲು ಹಾಕಿ ಮೊಟ್ಟೆ ಇಡಲು ಗೂಡಿನೊಳಗೆ ಇಟ್ಟರು. ಕರುಳು, ಪುಕ್ಕಗಳನ್ನು ಹಿತ್ತಿಲ ಗೊಬ್ಬರದ ಗುಂಡಿಗೆ ಎಸೆದರು. ಕೋಳಿಗಳು ಕೆದಕುವುದು ಅಲ್ಲೇ. ಐದನೆಯ ದಿನ ಉಮ್ಮನ ಮನೆಯಲ್ಲಿ ಚಿಪ್ಪಿಲ್ಲದ ಮೊಟ್ಟೆ. ಈ ರೋಗ ಅಂಟಿದ ಮೇಲೆ ಹೊರಗೆ ಕಾಣಲು ಹೆಚ್ಚಾಗಿ ಐದಾರು ದಿನ ಬೇಕು ಎಂದು ವೈದ್ಯರು ಹೇಳಿದ್ದರು.

ಫೋನಿನಲ್ಲಿ ಅವರಿಗೆ ಇದನ್ನೆಲ್ಲ ಓದಿ ಹೇಳಿದೆವು. "ನಿಮ್ಮ ಜಗಲಿಯಿಂದಲೇ ಹೋಯಿತು ಎಂದು ಪ್ರಮಾಣ ಮಾಡಿ ಹೇಳಲಿಕ್ಕಾಗುವುದಿಲ್ಲ. ಚಪ್ಪಲಿಯಲ್ಲಿಯೂ ಹೋಗಬಹುದು, ಕಾಗೆ, ನಾಯಿ ಕರುಳು ಎಳೆದುಕೊಂಡು ಹೋಗಿರಬಹುದು. ಆದರೆ ಹೀಗೆ ಹೋಗುವುದು ಹೌದು" ಎಂದರು.

ನಮಗೆ ಆ ರಾತ್ರಿ ಸರಿ ನಿದ್ದೆ ಬರಲಿಲ್ಲ. ಕಾಯಿಲೆಯ ಒಂಟೆಗಳನ್ನು ಆರೋಗ್ಯದ ಒಂಟೆಗಳ ಹತ್ತಿರ ತರಬಾರದು ಎಂಬ ನಬಿವಚನವನ್ನು ಪ್ರತಿ ವರ್ಷ ದೊಡ್ಡ ತರಗತಿಯ ಮಕ್ಕಳಿಗೆ ಪಾಠ ಮಾಡುವವರು ನಾವೇ. ಆ ಪಾಠ ನಡೆಯುವ ಕೋಣೆಗೂ ಆ ಜಗಲಿಗೂ ನಡುವೆ ಒಂದು ಬಾಗಿಲು ಮಾತ್ರ.

ಗದ್ದೆಯವರ ಗುಂಡಿ

ಮಂಗಳವಾರ ಬೆಳಿಗ್ಗೆ ಜಮಾಅತಿನ ಒಬ್ಬ ಹಿರಿಯರನ್ನೂ ಆ ವಾಯ್ಸ್ ಮೆಸೇಜು ಹಾಕಿದ ಹುಡುಗನನ್ನೂ ಕರೆದುಕೊಂಡು ಗದ್ದೆಯವರ ಮನೆಗೆ ಹೋದೆವು. ಅವರು ಮೊದಲು ಬಾಗಿಲಲ್ಲೇ ನಿಂತರು. ಮೆಸೇಜು ಅವರ ಫೋನಿಗೂ ತಲುಪಿತ್ತು. ಅವರ ಹೆಂಡತಿ ಎರಡು ರಾತ್ರಿ ತಾಯಿಮನೆಗೆ ಹೋಗಿದ್ದರು.

ನಾವು ಹಾಜರಿ ಪುಸ್ತಕ ಬಿಡಿಸಿ ತೋರಿಸಿದೆವು. ಉಮ್ಮನ ಕೋಳಿ ಮೊದಲು ಸತ್ತದ್ದು ಬುಧವಾರ, ಇವರು ಔಷಧಿ ಹೊಡೆದದ್ದು ಶುಕ್ರವಾರ. ಸತ್ತ ಎರಡು ದಿನದ ಮೇಲೆ ಹೊಡೆದ ಔಷಧಿಯಿಂದ ಕೋಳಿ ಸಾಯುವುದು ಹೇಗೆ? ಹುಡುಗ ತಲೆ ತಗ್ಗಿಸಿದ.

ಆಗ ಗದ್ದೆಯವರು ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ತೆಂಗಿನ ಬುಡದಲ್ಲಿ ಹೊಸ ಮಣ್ಣು. "ನಮ್ಮದೂ ಆರು ಹೋಗಿದೆ ಉಸ್ತಾದ್ರೆ. ಶನಿವಾರ, ಭಾನುವಾರ. ನಿಮ್ಮ ಕಡೆಯ ಹುಡುಗರು ಸಿಟ್ಟಿನಲ್ಲಿ ಏನಾದರೂ ಹಾಕಿದರೋ ಅಂತ ನಾವು ಗ್ರಹಿಸಿದ್ದೆವು. ಹೇಳಿದರೆ ಗಲಾಟೆ ಆಗುತ್ತದೆಂದು ಸುಮ್ಮನಿದ್ದೆವು" ಎಂದರು. ನಾವು ಅವರ ಮೇಲೆ ಹೊರಿಸಿದ್ದನ್ನೇ ಅವರೂ ನಮ್ಮ ಮೇಲೆ ಹೊರಿಸಿದ್ದರು. ಒಂದೇ ರೋಗ ಬೇಲಿಯ ಎರಡೂ ಬದಿಯಲ್ಲಿ ಕೋಳಿ ಕೊಲ್ಲುತ್ತಿತ್ತು. ಗದ್ದೆಯವರ ಆರನ್ನೂ ಅದೇ ಪುಟದಲ್ಲಿ ಬರೆದುಕೊಂಡೆವು.

ಹುಡುಗ ಅಲ್ಲಿಂದಲೇ ಗುಂಪಿಗೆ ಇನ್ನೊಂದು ವಾಯ್ಸ್ ಮೆಸೇಜು ಹಾಕಿದ. ಮೊದಲಿನದ್ದು ಎಷ್ಟು ಜನರಿಗೆ ಹೋಗಿತ್ತೋ ಅಷ್ಟು ಜನರಿಗೆ ಇದು ಹೋಗಲಿಲ್ಲ. ಇಂಥದ್ದನ್ನು ಮುಂದೆ ಕಳಿಸುವವರು ಕಡಿಮೆ.

ಎಲ್ಲ ಸಾವೂ ರಾಣಿಖೇತ್ ಅಲ್ಲ

ಪಟ್ಟಿಯಲ್ಲಿ ಬರೆದ ಎಲ್ಲ ಮನೆಗಳ ಕಥೆಯೂ ಒಂದೇ ಆಗಿರಲಿಲ್ಲ. ಅದನ್ನೂ ಹೇಳದಿದ್ದರೆ ಓದುಗರು ಇನ್ನು ಸತ್ತ ಕೋಳಿಗೆಲ್ಲ ರಾಣಿಖೇತ್ ಎಂದು ಹೆಸರಿಡಬಹುದು.

ಒಂದು ಮನೆಯಲ್ಲಿ ಒಂದೇ ಹೇಂಟೆ ಸತ್ತಿತ್ತು, ಉಳಿದವು ಲಕಲಕ ಇದ್ದವು. ಅದರ ಹೊಟ್ಟೆ ಊದಿ, ಬಾಲ ತಗ್ಗಿಸಿ, ಎದೆ ಎತ್ತಿ ನೆಟ್ಟಗೆ ನಿಲ್ಲುತ್ತಿತ್ತಂತೆ. ಇದು ಮೊಟ್ಟೆಯ ತೊಂದರೆ. ಮೊಟ್ಟೆ ಒಳಗೆ ಸಿಕ್ಕಿಕೊಂಡು ಅಥವಾ ಹೊಟ್ಟೆಯೊಳಗೆ ಒಡೆದು ಕೀವಾಗಿ ಹೀಗಾಗುತ್ತದೆ. ಹೆಚ್ಚು ಮೊಟ್ಟೆ ಇಡುವ ತಳಿಗಳಲ್ಲಿ ಜಾಸ್ತಿ. ಒಂದರಿಂದ ಒಂದಕ್ಕೆ ಅಂಟುವಂಥದ್ದಲ್ಲ.

ಇನ್ನೊಂದು ಮನೆಯಲ್ಲಿ ಸತ್ತದ್ದು ತಿಂಗಳ ಮರಿಗಳು ಮಾತ್ರ, ಹಿಕ್ಕೆಯಲ್ಲಿ ರಕ್ತ. ಅದು ರಕ್ತಭೇದಿ. ಒದ್ದೆ ನೆಲದ ಗೂಡಿನಲ್ಲಿ ಬರುತ್ತದೆ. ಬೇಗ ತೋರಿಸಿದರೆ ಅದಕ್ಕೆ ಮದ್ದುಂಟು. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ನರುಳ್ಳೆಯಂಥ ಗಂಟು ಕಂಡರೆ ಅದು ಕೋಳಿ ಸಿಡುಬು, ಸೊಳ್ಳೆಯಿಂದಲೂ ಹರಡುತ್ತದೆ. ಹೇಂಟೆಗಳು ಬರಬರುತ್ತಾ ಸೊರಗಿ, ಜುಟ್ಟು ಬಿಳಿಚಿಕೊಂಡು, ಮೊಟ್ಟೆ ಕಡಿಮೆಯಾದರೆ ಜಂತುಹುಳ ಇರಬಹುದು. ರಾತ್ರಿ ಗೂಡಿನ ಮರದ ಸಂದುಗಳಿಗೆ ಟಾರ್ಚು ಬಿಟ್ಟು ನೋಡಿ. ಕೆಂಪು ಉಣ್ಣೆಗಳು ಹಗಲು ಅಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತವೆ.

ನಮ್ಮ ಅಡುಗೆಮನೆಯಿಂದಲೂ ಅಪಾಯ ಉಂಟು. ಒಣಮೀನು ತೊಳೆದ ನೀರು, ಉಪ್ಪಿನಕಾಯಿಯ ಉಳಿಕೆ ಕೋಳಿಗೆ ಹಾಕುತ್ತೇವೆ. ಉಪ್ಪು ಹೆಚ್ಚಾದರೆ ಕೋಳಿ ನೀರು ಕುಡಿದು ಕುಡಿದು ಸಾಯುತ್ತದೆ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಜೋಳ, ಹಿಂಡಿ ದನಕ್ಕೆ ಬೇಡ ಎಂದು ಕೋಳಿಗೆ ಹಾಕುತ್ತೇವೆ. ಆ ಬೂಸ್ಟಿನ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಹಾಳು ಮಾಡುತ್ತದೆ. ನಿಜವಾಗಿ ವಿಷದಿಂದ ಸತ್ತ ಕೋಳಿಗಳೂ ಇರುತ್ತವೆ. ಆದರೆ ಯಾರೋ ಬೇಕೆಂದು ಹಾಕಿದ್ದಕ್ಕಿಂತ ಇಲಿಗೆಂದು ನಾವೇ ಅಟ್ಟದಲ್ಲಿ ಇಟ್ಟದ್ದು ಅದಕ್ಕೆ ಸಿಕ್ಕಿರುವ ಸಂದರ್ಭವೂ ಉಂಟಲ್ಲ?

ನೂರು ಡೋಸಿನ ಬಾಟಲಿ

ರಾಣಿಖೇತಿಗೆ ಲಸಿಕೆ ಉಂಟು. ಅದು ಹೊಸತೂ ಅಲ್ಲ, ದುಬಾರಿಯೂ ಅಲ್ಲ. ಹಾಗಾದರೆ ನಮ್ಮ ಹಿತ್ತಿಲಿಗೆ ಯಾಕೆ ಬರುವುದಿಲ್ಲ? ವೈದ್ಯರು ಒಂದು ಸಣ್ಣ ಬಾಟಲಿ ತೋರಿಸಿದರು. ಅದರಲ್ಲಿ ನೂರು ಕೋಳಿಗಾಗುವಷ್ಟು ಮದ್ದು. ಒಮ್ಮೆ ನೀರು ಬೆರೆಸಿದರೆ ಒಂದೆರಡು ಗಂಟೆಯ ಒಳಗೆ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯಲ್ಲಿ ಇರಬೇಕು. ಹತ್ತು ಕೋಳಿ ಇರುವ ಒಂದು ಮನೆಯವರು ಬಂದರೆ ತೊಂಬತ್ತು ಡೋಸು ಚೆಲ್ಲಬೇಕು. ಹಾಗಾಗಿ ಹತ್ತು ಮನೆ ಒಟ್ಟಾಗದೆ ಇದು ಆಗುವ ಕೆಲಸವಲ್ಲ.

ಅವರು ಕೊಟ್ಟ ಲೆಕ್ಕ ಹೀಗೆ. ಮರಿಗಳಿಗೆ ಐದರಿಂದ ಏಳು ದಿನದ ಒಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕು ವಾರದ ಹೊತ್ತಿಗೆ ಇನ್ನೊಮ್ಮೆ. ಎಂಟು ವಾರ ತುಂಬಿದ ಮೇಲೆ ರೆಕ್ಕೆಯಡಿಯ ಚುಚ್ಚುಮದ್ದು. ಅದನ್ನು ಮರಿಗಳಿಗೆ ಕೊಡಬಾರದು. ಮತ್ತೆ ಎಷ್ಟು ತಿಂಗಳಿಗೊಮ್ಮೆ ಎಂಬುದನ್ನು ನಿಮ್ಮ ಊರಿನ ವೈದ್ಯರು ಹೇಳುತ್ತಾರೆ. ಲಸಿಕೆ ಔಷಧಿಯಲ್ಲ. ಈಗಾಗಲೇ ರೋಗ ಹೊಕ್ಕ ಗೂಡಿಗೆ ಹಾಕಿದರೆ ಸಾಯುವವು ಸಾಯುತ್ತವೆ, ಅಪವಾದ ಲಸಿಕೆಗೆ ಬರುತ್ತದೆ. ಅದಕ್ಕೇ ನಾವು ಕೊನೆಯ ಕೋಳಿ ಸತ್ತು ಮೂರು ವಾರ ಕಾದೆವು.

ಆ ಮೂರು ವಾರದಲ್ಲಿ ಗೂಡುಗಳ ಹಳೆ ಹುಲ್ಲು ಸುಟ್ಟೆವು, ನೆಲಕ್ಕೆ ಸುಣ್ಣ ಬಳಿದೆವು, ಯಾರೂ ಹೊಸ ಕೋಳಿ ತರಲಿಲ್ಲ. ಸತ್ತವುಗಳನ್ನು ಬಾವಿಯಿಂದ ದೂರ ಮೂರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂತೆವು. ತೋಡಿಗೆ ಎಸೆದರೆ ಕೆಳಗಿನ ಊರಿಗೆ ನಾವೇ ರೋಗ ಕಳಿಸಿಕೊಟ್ಟ ಹಾಗೆ.

ಶುಕ್ರವಾರ ಮದ್ರಸಕ್ಕೆ ರಜೆ. ಆ ದಿನ ಸುಬಹಿ ಕಳೆದ ಕೂಡಲೇ, ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲು, ಇಲಾಖೆಯ ಸಿಬ್ಬಂದಿ ಬಂದರು. ಇಪ್ಪತ್ತಮೂರು ಮನೆ, ಅದರಲ್ಲಿ ಗದ್ದೆಯವರದ್ದೂ, ಅವರ ಆಚೆಯ ಮೂರು ಮನೆಗಳೂ. ಕೋಳಿ ಹಿಡಿಯುವ ಕೆಲಸ ದೊಡ್ಡ ತರಗತಿಯ ಮಕ್ಕಳದ್ದು. ಮೀನಿನ ಕಾಕ ಹಣ ತೆಗೆದುಕೊಳ್ಳದೆ ಮಂಜುಗಡ್ಡೆ ಕೊಟ್ಟರು. ರಮಝಾನಿನ ಉಪವಾಸದಲ್ಲಿಯೂ ಹುಡುಗರು ಬೇಲಿ ಹಾರಿ ಹುಂಜ ಅಟ್ಟಿಸಿಕೊಂಡು ಓಡಿದ್ದನ್ನು ನೋಡಬೇಕಿತ್ತು. ಏಳೂವರೆಗೆ ಎಲ್ಲ ಮುಗಿಯಿತು.

ಹಲಾಲ್ ಆಗುವುದು, ತಿನ್ನಲು ಆಗುವುದು

ಒಂದು ವಿಷಯ ಬಾಕಿ ಉಂಟು, ಅದನ್ನು ಹೇಳಬೇಕಾದ ಜವಾಬ್ದಾರಿ ನಮ್ಮದೇ. "ಸತ್ತರೆ ಹರಾಮ್ ಆಗುತ್ತದೆ, ಅದಕ್ಕೆ ಮುಂಚೆ ಕೊಯ್ಯಿಸಿದೆವು" ಎಂದು ಉಮ್ಮಂದಿರು ಹೇಳುತ್ತಾರೆ. ಅವರ ಸಂಕಟ ನಮಗೆ ಗೊತ್ತು. ಸಾಕಿದ ಹೇಂಟೆ ಹಾಳಾಗಿ ಹೋಗುವುದನ್ನು ಯಾವ ಬಡವರೂ ನೋಡಿ ನಿಲ್ಲಲಾರರು. ಆದರೆ ಕೊಯ್ದದ್ದು ಹಲಾಲ್ ಆಯಿತೇ ಎಂಬುದು ಒಂದು ಪ್ರಶ್ನೆ, ಅದು ತಿನ್ನಲು ಯೋಗ್ಯವೇ ಎಂಬುದು ಇನ್ನೊಂದು ಪ್ರಶ್ನೆ. ನಮಗೂ ನೆರೆಯವರಿಗೂ ಹಾನಿ ಮಾಡುವುದನ್ನು ದೀನ್ ಒಪ್ಪುವುದಿಲ್ಲ. ಅದು ಯಾವ ಕಾಯಿಲೆ ಎಂದು ತಿಳಿಯುವ ಮೊದಲೇ ಮುಟ್ಟಿ, ಕೊಯ್ದು, ಕರುಳು ತೆಗೆದು ಕೈ ರಕ್ತ ಮಾಡಿಕೊಳ್ಳುವವರು ಮನೆಯ ಹೆಂಗಸರು ಮತ್ತು ಮಕ್ಕಳು. ಹಕ್ಕಿ ಜ್ವರ ಆಗಿದ್ದರೆ ಎಂದು ಒಮ್ಮೆ ಯೋಚಿಸಿ. ಕಾಯಿಲೆಯ ಕೋಳಿಯನ್ನು ಹೇಳದೆ ಸಂತೆಗೆ ಕೊಂಡುಹೋಗಿ ಮಾರುವುದಂತೂ ಯಾವ ಲೆಕ್ಕದಲ್ಲಿಯೂ ಸರಿಯಲ್ಲ. ನಮ್ಮ ಊರಿಗೆ ರೋಗ ಬಂದದ್ದು ಹಾಗೆಯೇ ಇರಬೇಕು.

ಹಾಗಾಗಿ ಈಗ ಮದ್ರಸದ ಜಗಲಿಯಲ್ಲಿ ಒಂದು ಕ್ರಮ ಮಾಡಿದ್ದೇವೆ. ಕೋಳಿ ತಂದ ಮಗುವನ್ನು ಮೊದಲು ಕೇಳುತ್ತೇವೆ: ಇದು ಯಾವಾಗಿನಿಂದ ತಿನ್ನುವುದಿಲ್ಲ? ಮೊಟ್ಟೆ ಇಡುತ್ತಿತ್ತಾ? ಮನೆಯಲ್ಲಿ ಬೇರೆ ಸತ್ತಿದೆಯಾ? ಮಂಕಾದ ಕೋಳಿಯಾದರೆ ಕೊಯ್ಯುವುದಿಲ್ಲ. ಚೀಲದ ಬಾಯಿ ಕಟ್ಟಿ ಮಗುವಿನ ಕೈ ಸಾಬೂನಿನಲ್ಲಿ ತೊಳೆಸಿ ಮನೆಗೆ ಕಳುಹಿಸಿ, ನಾವು ಪಶು ಆಸ್ಪತ್ರೆಗೆ ಫೋನು ಮಾಡುತ್ತೇವೆ. 1962ಕ್ಕೆ ಮಾಡಿದರೂ ಆಗುತ್ತದೆ. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಕಟ್ಟಿ ನೋಡಿ, ಆಮೇಲೆ ಗೂಡಿಗೆ ಸೇರಿಸಿ ಎಂದು ಜುಮುಆ ಕಳೆದ ಮೇಲೆ ಹೇಳಿದ್ದೇವೆ. ಸಂಶಯ ಬಂದಾಗ ಮನುಷ್ಯನನ್ನು ಹುಡುಕುವ ಮೊದಲು ದಿನಾಂಕ ಬರೆದಿಡಿ ಎಂದೂ ಹೇಳಿದ್ದೇವೆ.

ಉಮ್ಮನ ಹದಿನಾಲ್ಕರಲ್ಲಿ ಉಳಿದದ್ದು ಎರಡು ಹೇಂಟೆ. ಅದರಲ್ಲಿ ಒಂದು ಈಗ ಕಾವು ಕೂತಿದೆ, ಅಡಿಯಲ್ಲಿ ಹನ್ನೊಂದು ಮೊಟ್ಟೆ. ಅವುಗಳಲ್ಲಿ ಐದು ಗದ್ದೆಯವರ ಹೆಂಡತಿ ತಂದುಕೊಟ್ಟದ್ದು. ಹೋದ ವಾರ ನಮ್ಮ ಊಟದ ಸರದಿ ಅವರ ಮನೆಯಲ್ಲಿತ್ತು. ಪದಾರ್ಥ ಬಡಿಸುತ್ತಾ ಉಮ್ಮ ಕೇಳಿದರು, "ಉಸ್ತಾದೇ, ಆ ದಿನ ನೀರು ಮಂತ್ರಿಸಿ ಕೊಡಲೇ ಇಲ್ಲವಲ್ಲ?" ನಾವು ಕೂತಲ್ಲೇ ಒಂದು ದುಆ ಮಾಡಿದೆವು. ಆಮೇಲೆ, ಮರಿ ಒಡೆದ ದಿನವನ್ನು ಮರೆಯದೆ ಬರೆದಿಡಲು ಮೊಮ್ಮಗನಿಗೆ ಹೇಳಿದೆವು. ಅಲ್ಲಿಂದ ಐದನೆಯ ದಿನಕ್ಕೆ ಕಣ್ಣಿನ ಹನಿ ಹಾಕಿಸಲಿಕ್ಕುಂಟು.